ದಾನಪತ್ರಕ್ಕೆ ಸಹಿ ಹಾಕೋ ಮುಂಚೆ ಇದನ್ನ ಕೇಳಿ

ಮನೆ ಮಗನ ಹೆಸರಿಗೆ ಬರೆದುಕೊಟ್ಟಾಯ್ತು. ಈಗ ಅಪ್ಪ-ಅಮ್ಮನಿಗೆ ಅದೇ ಮನೆಯಲ್ಲಿ ಹೊತ್ತು ಹೊತ್ತಿನ ಊಟಕ್ಕೂ ತಾತ್ಸಾರ. ಇನ್ನೇನೂ ಮಾಡೋಕಾಗಲ್ಲ ಅಂದ್ಕೊಂಡ್ರಾ? ಆಗುತ್ತೆ!

ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ, ಕಲ್ಯಾಣ ಕಾಯ್ದೆ, 2007. ಇದರ 23ನೇ ಕಲಂ ಏನು ಹೇಳುತ್ತೆ ಗೊತ್ತಾ? ‘ನನ್ನನ್ನ ನೋಡಿಕೊಳ್ಳಬೇಕು’ ಅನ್ನೋ ಷರತ್ತಿನ ಮೇಲೆ 60 ದಾಟಿದವರು ಆಸ್ತಿ ಕೊಟ್ಟಿದ್ದು, ಪಡೆದವರು ನೋಡಿಕೊಳ್ಳದಿದ್ರೆ, ಆ ದಾನಪತ್ರವನ್ನೇ ರದ್ದು ಮಾಡಿಸಬಹುದು.

ಆದ್ರೆ ಬಾಯಿಮಾತಿನ ಭರವಸೆ ನಂಬಿ ಕೂರಬೇಡಿ. ಊಟ, ವಸತಿ, ಔಷಧಿ ಯಾರ ಹೊಣೆ ಅಂತ ಪತ್ರದಲ್ಲೇ ಸ್ಪಷ್ಟವಾಗಿ ಬರೆಸಿ.

ದೂರು ಎಲ್ಲಿ ಕೊಡೋದು? ಕರ್ನಾಟಕದಲ್ಲಿ ಉಪವಿಭಾಗಾಧಿಕಾರಿ, ಅಂದ್ರೆ ಎ.ಸಿ. ಅವರ ನ್ಯಾಯಮಂಡಳಿಯಲ್ಲಿ. ಮಕ್ಕಳಿಂದ ಜೀವನಾಂಶವನ್ನೂ ಅಲ್ಲೇ ಕೇಳಬಹುದು. ಹಿರಿಯರಿಗೆ ಓಡಾಡೋಕಾಗದಿದ್ರೆ ಅವರು ಒಪ್ಪಿ ಸೂಚಿಸಿದ ಬೇರೆಯವರೂ ಅರ್ಜಿ ಹಾಕಬಹುದು.

ಹಿರಿಯರನ್ನ ನೋಡಿಕೊಳ್ಳಬೇಕಾದವರೇ ಬೀದಿಪಾಲು ಮಾಡಿದ್ರೆ 3 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಪಕ್ಕದ ಮನೆ ಅಜ್ಜ-ಅಜ್ಜಿಗೆ ಹೊಡೆತ, ಬೈಗುಳ, ಪಿಂಚಣಿ ಕಿತ್ಕೊಳ್ಳೋದು ನಡೀತಿದ್ಯಾ? ‘ಅವರ ಮನೆ ವಿಷಯ’ ಅಂತ ಸುಮ್ಮನಿರಬೇಡಿ. ಹಿರಿಯರ ಉಚಿತ ಸಹಾಯವಾಣಿ 14567. ಪ್ರಾಣಾಪಾಯ ಇದ್ರೆ 112. ಈಗಲೇ ನಂಬರ್ ಸೇವ್ ಮಾಡ್ಕೊಳ್ಳಿ, ನಿಮ್ಮ ಬೀದಿಯ ಹಿರಿಯರಿಗೂ ತಿಳಿಸಿ.