ಕಾಲಿಟ್ಟರೆ ಕುರ್ಚಿ ಹೋಗುವ ಊರು

ನಾಸ್ತಿಕ ಎಂಬ ಪದ ಮೊದಲಿಗೆ ವೇದಪ್ರಾಮಾಣ್ಯವನ್ನು, ಅಂದರೆ ವೇದ ಹೇಳಿದ್ದೇ ಅಂತಿಮ ಎಂಬುದನ್ನು, ಒಪ್ಪದವನಿಗೆ ಸಲ್ಲುತ್ತಿದ್ದು, ದೇವರಿಲ್ಲವೆನ್ನುವವನು ಎಂಬ ಅರ್ಥ ಬರಬರುತ್ತ ಬಳಕೆಯಲ್ಲಿ ನೆಲೆನಿಂತಿತು. ಎ. ಎನ್. ಮೂರ್ತಿರಾಯರ ‘ದೇವರು’ (1991) ಈ ಎರಡನೆಯ ಅರ್ಥದ ಸಂಶಯವನ್ನು ಸಾವಧಾನವಾಗಿ ಬಿಡಿಸಿಟ್ಟ ಕೃತಿ. ಚಾಮರಾಜನಗರ ಸೀಮೆಯಲ್ಲಾದರೋ ಸಂಶಯ ಹುಟ್ಟಲು ದೇವರವರೆಗೆ ಹೋಗಬೇಕಾಗಿಲ್ಲ. ಜಿಲ್ಲಾಕೇಂದ್ರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆಂಬ ದಶಕಗಳ ನಂಬಿಕೆಯೇ ಸಾಕು. 1997ರಲ್ಲಿ ಹೊಸ ಜಿಲ್ಲೆಯನ್ನು ಆಗಿನ ಮುಖ್ಯಮಂತ್ರಿ ಜೆ. ಎಚ್. ಪಟೇಲರು ಉದ್ಘಾಟಿಸಿದ್ದು ಕೂಡ ಪಟ್ಟಣದಲ್ಲಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿ.

ಕಾಗೆ ಕೂತ ಗಳಿಗೆಯಲ್ಲೇ ತಾಳೆಹಣ್ಣು ಬಿದ್ದರೆ ಅದನ್ನು ಕಾಕತಾಳೀಯ ಎನ್ನುತ್ತಾರೆ, ಮತ್ತು ಇಲ್ಲಿ ಬಂದುಹೋಗಿ ಕುರ್ಚಿ ಕಳೆದುಕೊಂಡವರನ್ನು ಎಣಿಸಿದ ಜನ, ಇತ್ತ ಸುಳಿಯದೆಯೂ ಕಳೆದುಕೊಂಡವರನ್ನು ಎಣಿಸಲೇ ಇಲ್ಲ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿದ್ದರ ಹಿಂದೆ ಇದ್ದದ್ದೂ ಎರಡೂ ಬದಿಯ ಲೆಕ್ಕ ನೋಡಬೇಕೆಂಬ ಇಂಥದೇ ಹಟ. ಸಿದ್ದರಾಮಯ್ಯನವರು 2013ರಿಂದ ಮತ್ತೆಮತ್ತೆ ಈ ಊರಿಗೆ ಬಂದು, 2018ರವರೆಗೆ ಐದು ವರ್ಷವನ್ನೂ ಪೂರೈಸಿದರು. ನಂಬಲು ಮನಸ್ಸಿದ್ದವರಿಗೆ, ಆ ವರ್ಷ ಅವರು ಚಾಮುಂಡೇಶ್ವರಿ ಕ್ಷೇತ್ರದಲ್ಲಿ ಸೋತದ್ದು ಉಳಿದೇ ಇತ್ತು.