ತೆರೆಯಂಚಿನ ಒಂದೇ ಸಾಲು

ಗಣಕದ ತೆರೆಯ ಅಂಚಿನಲ್ಲಿ ಕಿರುಬೆರಳಗಲದ ಪಟ್ಟಿಯೊಂದಿರುತ್ತದೆ. ಗಂಟೆ ಎಷ್ಟಾಯಿತು, ಬ್ಯಾಟರಿ ಎಷ್ಟು ಉಳಿಯಿತು ಎಂದು ದಿನಕ್ಕೆ ಹತ್ತಾರು ಬಾರಿ ಕಣ್ಣು ಅತ್ತ ಹೊರಳುತ್ತದೆ. ಆದರೆ ಅಲ್ಲಿ ಏನಿರಬೇಕೆಂದು ನಿರ್ಧರಿಸಿದವರು ಬಹುಮಟ್ಟಿಗೆ ತಂತ್ರಾಂಶ ತಯಾರಕರು. ಲಿನಕ್ಸ್ ಬಳಕೆದಾರರಲ್ಲಿ ಕೆಲವರು ಮಾತ್ರ ಈ ಪಟ್ಟಿಯನ್ನು ತಮಗೆ ಬೇಕಾದಂತೆ ತಾವೇ ಬರೆದುಕೊಳ್ಳುತ್ತಾರೆ.

ಇದೇನೂ ಬ್ರಹ್ಮವಿದ್ಯೆಯಲ್ಲ. 2006ರಲ್ಲಿ ಬಂದ ‘ಡಿಡಬ್ಲ್ಯುಎಂ’ ಎಂಬ ಪುಟ್ಟ ತಂತ್ರಾಂಶ, ತೆರೆಯ ಮೇಲಿನ ಕಿಟಕಿಗಳನ್ನು ಜೋಡಿಸುವ ಕೆಲಸದ್ದು. ಅದು ತಾನಾಗಿ ಗಂಟೆಯನ್ನೂ ತೋರಿಸುವುದಿಲ್ಲ. ಎಲ್ಲಕ್ಕೂ ಹಿಂದಿರುವ ಮೂಲ ಕಿಟಕಿಗೆ ನೀವು ಯಾವ ಹೆಸರಿಟ್ಟರೆ ಅದನ್ನೇ ಪಟ್ಟಿಯಲ್ಲಿ ಮೂಡಿಸುತ್ತದೆ. ‘ಎಕ್ಸ್‌ಸೆಟ್‌ರೂಟ್’ ಆದೇಶದಿಂದ ಆ ಹೆಸರನ್ನು ಆಗಾಗ ಬದಲಿಸುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಇದ್ದರೆ ಪಟ್ಟಿ ಸಿದ್ಧ. 2009ರಲ್ಲಿ ಆರಂಭವಾದ ‘ಐ3’ಯ ಪಟ್ಟಿಯಾದರೋ ನೀವು ಹೇಳಿದ ಪ್ರೋಗ್ರಾಂ ಹೊರಹಾಕುವ ಸಾಲನ್ನು ಓದಿ ತೋರಿಸುತ್ತದೆ.

ಮಾಹಿತಿಗೂ ದೂರ ಹೋಗಬೇಕಿಲ್ಲ. ಯಂತ್ರದ ಸ್ಥಿತಿಗತಿಯನ್ನು ಲಿನಕ್ಸ್ ಕಡತಗಳ ರೂಪದಲ್ಲಿ ತೆರೆದಿಟ್ಟಿರುತ್ತದೆ. ಬ್ಯಾಟರಿಯ ‘ಕೆಪಾಸಿಟಿ’ ಕಡತದಲ್ಲಿ 73 ಎಂದಿದ್ದರೆ ಶೇ 73 ಉಳಿದಿದೆ ಎಂದರ್ಥ. ಉಷ್ಣಾಂಶದ ಕಡತದಲ್ಲಿ 48000 ಎಂದಿದ್ದರೆ ಗಾಬರಿ ಬೇಡ. ಸಾವಿರದಿಂದ ಭಾಗಿಸಿ, 48 ಡಿಗ್ರಿ ಸೆಲ್ಸಿಯಸ್.

ಹೊಸಬರು ಎಡವುವುದು ಬೇರೆ ಕಡೆ. ಎಲ್ಲವೂ ಸೆಕೆಂಡಿಗೊಮ್ಮೆ ಬದಲಾಗಬೇಕೆಂಬ ಆಸೆ ಅವರದು. ಸ್ಕ್ರಿಪ್ಟು ಪ್ರತಿ ಸುತ್ತಿನಲ್ಲೂ ಐದು ಪ್ರೋಗ್ರಾಂಗಳನ್ನು ಕರೆದರೆ ಗಂಟೆಗೆ 18,000 ಬಾರಿ ಯಂತ್ರಕ್ಕೆ ಕೆಲಸ ಹಚ್ಚಿದಂತೆ. ಬ್ಯಾಟರಿಯನ್ನು ಕಾಯಬೇಕಾದುದೇ ಅದನ್ನು ತಿನ್ನತೊಡಗಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಅದೇ 30 ಸೆಕೆಂಡಿಗೊಮ್ಮೆ ನೋಡಿದರೆ ಈ ಸಂಖ್ಯೆ 600ಕ್ಕೆ ಇಳಿಯುತ್ತದೆ. ಧ್ವನಿ ಹೆಚ್ಚಿಸಿದಾಗ ಕೂಡಲೇ ತಿಳಿಯಬೇಕೆ? ಆ ಕ್ಷಣಕ್ಕೆ ಪ್ರೋಗ್ರಾಂಗೆ ಒಂದು ಸಂಕೇತ ಕಳುಹಿಸಿದರೆ ಸಾಕು.

ಕನ್ನಡಿಗರಿಗೆ ಇನ್ನೂ ಒಂದು ತೊಡಕುಂಟು. ಕನ್ನಡದ ‘ಲೊಕೇಲ್’ ಅಳವಡಿಸಿಕೊಂಡರೆ ‘ಡೇಟ್’ ಆದೇಶ ವಾರ, ತಿಂಗಳುಗಳನ್ನು ಕನ್ನಡದಲ್ಲೇ ಕೊಡುತ್ತದೆ. ಆದರೆ ಡಿಡಬ್ಲ್ಯುಎಂ ಅಕ್ಷರ ಮೂಡಿಸಲು ನೆಚ್ಚಿರುವ ‘ಎಕ್ಸ್‌ಎಫ್‌ಟಿ’ಗೆ ಒತ್ತಕ್ಷರ ಕೂಡಿಸುವುದು ತಿಳಿಯದು, ‘ಶುಕ್ರವಾರ’ದ ಒತ್ತು ಬಿಡಿಬಿಡಿಯಾಗಿ ನಿಲ್ಲುತ್ತದೆ. ಐ3ಯ ಪಟ್ಟಿಯಲ್ಲಿ ಅಕ್ಷರಶೈಲಿಯ ಹೆಸರಿನ ಹಿಂದೆ ‘ಪ್ಯಾಂಗೊ’ ಎಂದು ಸೂಚಿಸಿದರೆ ಈ ತೊಂದರೆ ನೀಗುತ್ತದೆ. ಕನ್ನಡದಲ್ಲಿ ದಿನಾಂಕ ಬೇಕೆನ್ನುವವರು ತಂತ್ರಾಂಶ ಆರಿಸುವ ಮುನ್ನವೇ ಇದನ್ನು ಗಮನಿಸುವುದು ಒಳಿತು.

ಇಷ್ಟೆಲ್ಲ ಆದ ಮೇಲೆ ಉಳಿಯುವುದು ವಿವೇಕದ ಪ್ರಶ್ನೆ. ಜಾಗವಿರುವುದು ಒಂದೇ ಸಾಲಿಗೆ. ಕುಣಿಯುವ ಅಂಕಿಗಳನ್ನು ತುಂಬಿದರೆ ಕೆಲಸದ ನಡುವೆ ಕಣ್ಣು ಅತ್ತಲೇ ಓಡುತ್ತದೆ. ಬ್ಯಾಟರಿ ಶೇ 15ಕ್ಕೆ ಇಳಿದಾಗ ಕೆಂಪಾಗುವ ಅಂಕಿ ನಿಮ್ಮನ್ನು ಎಬ್ಬಿಸಿ ತಂತಿ ಸಿಕ್ಕಿಸುವಂತೆ ಮಾಡುತ್ತದೆ. ಪ್ರೊಸೆಸರ್‌ನ ಏರಿಳಿತ ನೋಡಿ ಹೆಚ್ಚಿನವರು ಏನನ್ನೂ ಮಾಡುವುದಿಲ್ಲ. ನೋಡಿದ ಮೇಲೆ ಏನಾದರೂ ಮಾಡುವಂತಿದ್ದರೆ ಮಾತ್ರ ಅದಕ್ಕೆ ಪಟ್ಟಿಯಲ್ಲಿ ಜಾಗ ಕೊಡಿ.