ಸೊನ್ನೆಗೆ ಇಳಿಯದ ದನಿ

ಜುಲೈ 31ರ ನಡುರಾತ್ರಿ, ಕೇರಳದ 52 ದಿನಗಳ ಟ್ರಾಲಿಂಗ್ ನಿಷೇಧ ಮುಗಿಯುವ ಹೊತ್ತಿಗೆ, ಚೆರುವತ್ತೂರು ಬಳಿಯ ಮಡಕ್ಕರ ಬಂದರಿನಲ್ಲಿ ಬೋಟುಗಳು ಮೈಗೆ ಮೈ ತಾಗಿಸಿಕೊಂಡು ನಿಂತಿರುತ್ತವೆ. ಐಸು, ಡೀಸೆಲು ತುಂಬಿಯಾದ ಮೇಲೆ ವೈರ್‌ಲೆಸ್ ಪರೀಕ್ಷೆ. ತಾಂಡೇಲ (ಇಲ್ಲಿನ ಮಲಯಾಳದಲ್ಲಿ ಸ್ರಾಂಕ್) ಮೈಕಿನ ಗುಂಡಿ ಒತ್ತಿ ಬಾಯಿ ತೆರೆದರೆ ಸಾಕು, ಪಕ್ಕದ ಬೋಟಿನ ಸ್ಪೀಕರು ಕಿವಿ ಕೊರೆಯುವಂತೆ ಊಳಿಡುತ್ತದೆ. ಸೆಟ್ಟು ಕೆಟ್ಟಿದ್ದಲ್ಲ. ಆ ಸ್ಪೀಕರಿನ ದನಿ ಈ ಮೈಕಿಗೆ ಹೊಕ್ಕು, ಅಲೆಯಾಗಿ ಹಾರಿ, ಮತ್ತೆ ಅದೇ ಸ್ಪೀಕರಿಗೆ ಬಂದು, ಸುತ್ತು ಸುತ್ತಿ ಬೆಳೆಯುತ್ತದೆ. ಮಾತಾಡುವವನ ಸೆಟ್ಟಿನಲ್ಲಿ ಈ ಕಾಟವಿಲ್ಲ. ಗುಂಡಿ ಒತ್ತಿರುವಷ್ಟು ಹೊತ್ತು ಅದರ ಸ್ಪೀಕರು ತಾನಾಗಿ ಬಾಯಿ ಮುಚ್ಚಿರುತ್ತದೆ. ಹಾಗಾಗಿ ಪಕ್ಕದವನೇ ತನ್ನ ವಾಲ್ಯೂಮ್ ನಾಬನ್ನು ಪೂರ್ತಿ ಇಳಿಸುತ್ತಾನೆ.

ನನಗೆ ದಿಗಿಲಾಗುವುದು ಇಲ್ಲೇ. ಇಳಿಸಿದ ನಾಬನ್ನು ಅಳಿವೆ ದಾಟಿದ ಮೇಲೆ ಏರಿಸಲು ಮರೆತರೆ?

ಫೋನಾದರೆ ತಪ್ಪಿದ ಕರೆಯನ್ನು ತೋರಿಸುತ್ತದೆ. ಸಾಮಾನ್ಯ ವೈರ್‌ಲೆಸ್ಸಿನ ಮಾತು ಹಾಗಲ್ಲ, ಬಂದ ಕ್ಷಣದಲ್ಲಿ ಕೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಕಡಲಲ್ಲಿ ಸೆಟ್ಟು ಮೌನವಾಗಿದ್ದರೆ ಯಾರೂ ಮಾತಾಡುತ್ತಿಲ್ಲವೋ, ಅಲೆ ಮುಟ್ಟುತ್ತಿಲ್ಲವೋ, ವಾಲ್ಯೂಮ್ ಸೊನ್ನೆಯಲ್ಲಿದೆಯೋ ಎಂದು ಕಿವಿಗೆ ತಿಳಿಯುವ ದಾರಿಯೇ ಇಲ್ಲ. ಅಪಾಯದ ಕರೆಗೆ ಮೀಸಲಾದ 16ನೇ ಚಾನೆಲ್, ಅಂದರೆ 156.8 ಮೆಗಾಹರ್ಟ್ಸ್, ಸದಾ ತೆರೆದ ಕಿವಿಯನ್ನು ನಂಬಿಕೊಂಡೇ ಇದೆ.

ಪೊಲೀಸ್ ಜೀಪು, ಆಂಬುಲೆನ್ಸುಗಳಿಗೆ ಜೋಡಿಸುವಂಥ ವೃತ್ತಿಪರ ಸೆಟ್ಟುಗಳನ್ನು ಮಾಡುವವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಅಂಥ ಅನೇಕ ಸೆಟ್ಟುಗಳಲ್ಲಿ ಕನಿಷ್ಠ ದನಿಯ ಮಟ್ಟವನ್ನು ಕಂಪ್ಯೂಟರಿನಿಂದ ಮೊದಲೇ ಕಟ್ಟಿಡಬಹುದು. ಚಾಲಕ ನಾಬನ್ನು ತುದಿಯವರೆಗೆ ಹಿಂದಕ್ಕೆ ತಿರುಗಿಸಿದರೂ ಪಿಸುಮಾತಿನಷ್ಟು ದನಿ ಉಳಿದೇ ಉಳಿಯುತ್ತದೆ. ನಾಬು ಕೆಟ್ಟಿದೆಯೆಂದು ರಿಪೇರಿಗೆ ತರುವವರೂ ಇರಬಹುದು, ಆದರೆ ಅದು ಬೇಕೆಂದೇ ಇಟ್ಟ ಗುಣ. ಕೆಲವು ಸೆಟ್ಟುಗಳು ಇನ್ನೂ ಮುಂದೆ ಹೋಗಿ, ಸುತ್ತಲಿನ ಗದ್ದಲವನ್ನು ತಮ್ಮ ಮೈಕಿನಿಂದಲೇ ಅಳೆದು, ಎಂಜಿನ್ ಗುಡುಗಿದಾಗ ದನಿ ಏರಿಸಿ, ನಿಂತಾಗ ಇಳಿಸುತ್ತವೆ.

ನಾಬಿನ ತಿರುವಿನಲ್ಲೂ ಲೆಕ್ಕಾಚಾರವಿದೆ. ನಮ್ಮ ಕಿವಿಗೆ ದನಿ ಇಮ್ಮಡಿಯಾದಂತೆ ಅನಿಸಬೇಕಾದರೆ ಸ್ಪೀಕರಿಗೆ ಸುಮಾರು 10 ಪಟ್ಟು ವಿದ್ಯುತ್ ಶಕ್ತಿ ಕೊಡಬೇಕು. ತಿರುವಿದಷ್ಟೇ ಶಕ್ತಿ ಏರುವ ನಾಬನ್ನು ಇಟ್ಟರೆ ಮೊದಲ ಕಾಲು ಸುತ್ತಿನಲ್ಲೇ ಅಬ್ಬರ, ಆಮೇಲೆ ತಿರುವಿದರೂ ತಿರುವದಿದ್ದರೂ ಒಂದೇ. ಆದ್ದರಿಂದ ಒಳಗಿನ ರೋಧಕವನ್ನು ಮೊದಲು ನಿಧಾನ, ಕೊನೆಗೆ ಜೋರಾಗಿ ಏರುವಂತೆ ಮಾಡಿರುತ್ತಾರೆ. ಹೊಸ ಸೆಟ್ಟುಗಳಲ್ಲಿ ಎಷ್ಟು ತಿರುಗಿಸಿದರೂ ಕೊನೆಯಿಲ್ಲದ ನಾಬು ಇದ್ದರೆ ಅದು ಬರೀ ಎಣಿಕೆ ಕಳಿಸುತ್ತದೆ, ದನಿ ತೀರ್ಮಾನಿಸುವುದು ಒಳಗಿನ ಚಿಪ್.

ದನಿ ಜೋರಾಗಿದ್ದರೆ ಬೋಟು ಹತ್ತಿರದಲ್ಲಿದೆ ಎಂದು ತಿಳಿಯುವುದು ಸಹಜ, ಆದರೆ ತಪ್ಪು. ಈ ಸೆಟ್ಟುಗಳಲ್ಲಿರುವುದು ಎಫ್.ಎಂ. ಮಾತು ಅಲೆಯ ಎತ್ತರದಲ್ಲಿಲ್ಲ, ಕಂಪನಾಂಕದ ಓಲಾಟದಲ್ಲಿದೆ. ಎತ್ತರದ ಏರಿಳಿತವನ್ನು ಸೆಟ್ಟು ಕತ್ತರಿಸಿ ಎಸೆಯುತ್ತದೆ. 2 ಕಿ.ಮೀ. ದೂರದವನೂ 12 ಕಿ.ಮೀ. ದೂರದವನೂ ಒಂದೇ ಗಟ್ಟಿಯಲ್ಲಿ ಕೇಳಿಸುತ್ತಾರೆ, ಅದಕ್ಕೂ ದೂರ ಹೋದವನು ಭುಸ್ ಎನ್ನುವ ಸದ್ದಿನಲ್ಲಿ ಮುಳುಗುತ್ತಾನೆ. ಮೈಕಿಗೆ ಬಾಯಿಟ್ಟು ಕಿರುಚಿಯೂ ಫಲವಿಲ್ಲ; ಓಲಾಟಕ್ಕೆ ಮಿತಿಯಿರುವುದರಿಂದ ಮಾತು ಒಡೆದು ಕೇಳುತ್ತದೆಯೇ ಹೊರತು ಎತ್ತರವಾಗುವುದಿಲ್ಲ. ಅಲೆ ಮುಟ್ಟುವ ದೂರವನ್ನು ತೀರ್ಮಾನಿಸುವುದು ಭೂಮಿಯ ದುಂಡು. ನೀರಿನಿಂದ 4 ಮೀಟರ್ ಎತ್ತರದ ಆಂಟೆನಾ ಇರುವ ಎರಡು ಬೋಟುಗಳ ನಡುವೆ ಸುಮಾರು 16 ಕಿ.ಮೀ. ಅಷ್ಟೇ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಎದ್ದಾಗ ದಕ್ಷಿಣ ಕೇರಳದ ಎಷ್ಟೋ ಮೀನುಗಾರರಿಗೆ ಎಚ್ಚರಿಕೆ ಮುಟ್ಟಲೇ ಇಲ್ಲ, ಅವರಲ್ಲಿ ಅನೇಕರಿದ್ದದ್ದು ಇಂಥ ಅಲೆಗಳ ಕೈಗೆ ಸಿಗದಷ್ಟು ದೂರದಲ್ಲಿ.

ವಾಲ್ಯೂಮಿನ ಪಕ್ಕದಲ್ಲೇ ಇರುವ ಇನ್ನೊಂದು ನಾಬು ಸ್ಕ್ವೆಲ್ಚ್. ಅಲೆಯಿಲ್ಲದಾಗ ಎಫ್.ಎಂ. ಸೆಟ್ಟು ಮೀನು ಹುರಿವ ಬಾಣಲೆಯಂತೆ ಸಿಡಿಯುತ್ತದೆ. ಆ ಸದ್ದು ಕಂಡೊಡನೆ ಬಾಗಿಲು ಮುಚ್ಚಿ, ಮಾತು ಬಂದೊಡನೆ ತೆರೆಯುವುದು ಇದರ ಕೆಲಸ. ಸದ್ದಿನ ಬೇಸರಕ್ಕೆ ಇದನ್ನು ಬಿಗಿಯಾಗಿ ತಿರುಗಿಸಿಬಿಟ್ಟರೆ ದೂರದ ಕ್ಷೀಣ ಕರೆಗೆ ಬಾಗಿಲೇ ತೆರೆಯುವುದಿಲ್ಲ. ಆಗ ವಾಲ್ಯೂಮನ್ನು ತುದಿಗೇರಿಸಿದರೂ ಸೆಟ್ಟು ಮೂಕ.

ಅದಕ್ಕೇ ತಿಳಿದವರು ಅಳಿವೆ ದಾಟಿ ಎಂಜಿನಿಗೆ ಪೂರ್ತಿ ವೇಗ ಕೊಟ್ಟ ಮೇಲೆ ಸ್ಕ್ವೆಲ್ಚನ್ನು ಒಮ್ಮೆ ಪೂರ್ತಿ ತೆರೆಯುತ್ತಾರೆ. ಸಿಡಿವ ಸದ್ದು ಎಂಜಿನಿನ ಗುಡುಗನ್ನು ಮೀರಿ, ಬಲೆ ಎಳೆಯುವಲ್ಲಿ ನಿಂತವನಿಗೂ ಕೇಳುವವರೆಗೆ ವಾಲ್ಯೂಮ್ ಏರಿಸುತ್ತಾರೆ. ಆಮೇಲೆ ಸ್ಕ್ವೆಲ್ಚನ್ನು ಆ ಸದ್ದು ನಿಲ್ಲುವಷ್ಟೇ, ಅದಕ್ಕಿಂತ ಕೂದಲೆಳೆಯೂ ಹೆಚ್ಚಿಲ್ಲದಂತೆ ತಿರುಗಿಸಿ ಬಿಡುತ್ತಾರೆ.